ಕೆಂಪು ಬಟ್ಟೆ ಕಟ್ಟದ ಗೇಟು

ರಸ್ತೆಯ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿಯುವವಳಿಗೆ ಇಡೀ ರಸ್ತೆ ಇಟ್ಟ ಹೆಸರು ಕತ್ತರಿ. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹರಿತ ಎಂದು ಅವಳ ಅತ್ತೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. "ಏನ್ ಮಾಡೋದು ಅತ್ತೆ, ನಿಮ್ಮ ಮಗ ಕೈಗೆ ಸಿಗೋದು ಹದಿನೈದು ದಿನಕ್ಕೊಂದ್ಸಲ. ಉಳಿದ ದಿನ ನೀವೇ ಗತಿ" ಎಂದು ಇವಳು ಮಿಷನ್ ತುಳಿಯುತ್ತಲೇ ಉತ್ತರ ಕೊಡುತ್ತಿದ್ದಳು. ಗಂಡ ದೂರದೂರಿಗೆ ಲಾರಿ ಓಡಿಸುವವನು. ಮಕ್ಕಳಿಲ್ಲ. ಹಾಗಾಗಿ ಆ ಮನೆಯಲ್ಲಿ ಜಗಳವಾಡುವುದಕ್ಕೂ ಸಮಾಧಾನ ಮಾಡಿಕೊಳ್ಳುವುದಕ್ಕೂ ಇವರಿಬ್ಬರೇ ಇದ್ದರು. ಅತ್ತೆಗೆ ಕಣ್ಣು ಮಂಜು. ಹತ್ತು ಹೆಜ್ಜೆ ಆಚೆ ನಿಂತವರು ಮನುಷ್ಯರೋ ಕಂಬವೋ ಎನ್ನುವುದು ಅವರು ಮಾತಾಡಿದ ಮೇಲೆಯೇ ಗೊತ್ತಾಗಬೇಕು.

ಆ ರಸ್ತೆಯಲ್ಲಿ ಹದಿನಾಲ್ಕು ಮನೆ. ಇವಳ ಮನೆ ದಾಟಿದರೆ ಒಂದು ತಂತಿ ಬೇಲಿ, ಬೇಲಿಯಾಚೆ ಕುರುಚಲು ಕಾಡು. ಅಲ್ಲಿಂದ ಹಾವು ಬರುತ್ತಿತ್ತು. ಬರದೇ ಇನ್ನೇನು? ಅದರ ಜಾಗದಲ್ಲಿ ಮನೆ ಕಟ್ಟಿಕೊಂಡವರು ನಾವು, ಅದಕ್ಕೆ ವಿಳಾಸ ಬದಲಾಗಿದೆ ಎಂದು ಯಾರು ಹೇಳಬೇಕು! ಏಳು ವರ್ಷದ ಹಿಂದೆ ಐದನೇ ಮನೆಯವರು ಅಂಗಳಕ್ಕೆ ಬಂದ ಹಾವನ್ನು ಪೊರಕೆಯಿಂದ ಆಚೆ ದೂಡಿ, ಗೇಟು ಹಾಕಿಕೊಂಡು, ಬದುಕಿದೆಯಾ ಬಡಜೀವವೇ ಎಂದು ಒಳಗೆ ಕೂತರು. ಹಾವು ಆರನೇ ಮನೆಗೆ ಹೋಗಿ ಅವರ ನಾಯಿಗೆ ಕಚ್ಚಿತು. ನಾಯಿ ಸತ್ತಿತು. ಆ ಎರಡು ಮನೆಯವರು ಬೀದಿಯಲ್ಲಿ ನಿಂತು ಆಡಿಕೊಂಡ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಜಗಳ ನಿಲ್ಲಿಸಿದವರು ಹದಿಮೂರನೇ ಮನೆಯ ನರ್ಸಕ್ಕ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರು ದನಿ ಏರಿಸುವುದಿಲ್ಲ, ಆದರೂ ಎಲ್ಲರೂ ಕೇಳುತ್ತಾರೆ. ತಮ್ಮ ಜಗಲಿಯಲ್ಲಿ ಹದಿನಾಲ್ಕು ಮನೆಯವರನ್ನೂ ಕೂರಿಸಿಕೊಂಡು ಅವರು ಪಾಠ ಮಾಡಿದರು. ಹಾವು ಕಂಡರೆ ಕೋಲು ಹಿಡಿದು ಹೋಗಬೇಡಿ, ಹೊಡೆಯಲು ಹೋದವರಿಗೇ ಕಚ್ಚುವುದು ಜಾಸ್ತಿ. ನಿಧಾನವಾಗಿ ಹಿಂದೆ ಸರಿಯಿರಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಹಾಕಿ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ಇಡಿ, ಬಚ್ಚಲ ತೂತಿಗೆ ಜಾಲರಿ ಮುಚ್ಚಿ. ದೂರದಿಂದ ಕಣ್ಣಿಟ್ಟು ಹಿಡಿಯುವವನಿಗೆ ಫೋನ್ ಮಾಡಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಅಲುಗಾಡಿಸದೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿ. ಕಡೆಗೆ ಒಂದು ಮಾತು ಸೇರಿಸಿದರು: "ಇದೆಲ್ಲ ನಿಮ್ಮ ಮನೆ ಕ್ಷೇಮಕ್ಕಾಯ್ತು. ಪಕ್ಕದ ಮನೆಗೆ ಏನು? ಹಾವು ಕಂಡವರು ಗೇಟಿಗೆ ಒಂದು ಕೆಂಪು ಬಟ್ಟೆ ಕಟ್ಬೇಕು. ಹಾವು ಸಿಗೋ ತನಕ ಬಿಚ್ಚಬಾರದು."

ಬಟ್ಟೆ ಹೊಲಿದವಳು ಕತ್ತರಿ. ಹದಿನಾಲ್ಕು ಕೆಂಪು ಚೌಕ, ಅಂಚಿಗೆ ಎರಡು ಮಡಿಕೆ, ಕಟ್ಟಲು ನಾಲ್ಕು ಮೂಲೆಗೂ ದಾರ. ಯಾರ ಹತ್ತಿರವೂ ಬಿಡಿಗಾಸು ಮುಟ್ಟಲಿಲ್ಲ. ಅಂದಿನಿಂದ ಬೆಳಿಗ್ಗೆ ಅವಳ ಮೊದಲ ಕೆಲಸ ಮಿಷನ್ನಿನ ಎದುರಿನ ಕಿಟಕಿ ತೆರೆದು ಬೀದಿಯುದ್ದಕ್ಕೂ ಗೇಟುಗಳನ್ನು ನೋಡುವುದು. ಅತ್ತೆಗೆ ಹಿತ್ತಲಿನ ಕುಂಡಗಳಿಗೆ ತಾವೇ ನೀರು ಹಾಕಬೇಕೆಂಬ ಹಟ. ಒಳಗಿನಿಂದ ಕೇಳುತ್ತಿದ್ದರು: "ಏನೇ, ಹೋಗಲಾ?" ಬೀದಿಯಲ್ಲಿ ಕೆಂಪು ಕಾಣದಿದ್ದರೆ ಇವಳು "ಹೋಗಿ ಅತ್ತೆ" ಎನ್ನುವಳು. ಕಂಡರೆ "ಕಾಲು ಮೇಲಿಟ್ಕೊಂಡು ಮಂಚದ ಮೇಲೆ ಕೂತಿರಿ" ಎನ್ನುವಳು. ಮುದುಕಿ ಗೊಣಗುತ್ತಾ ಕೂರುತ್ತಿದ್ದರು. ಸೊಸೆಯ ಕಣ್ಣೇ ಅವರ ಕಣ್ಣು.

ನರ್ಸಕ್ಕನೂ ಕತ್ತರಿಯೂ ಬರೀ ನೆರೆಹೊರೆಯವರಲ್ಲ. ಕತ್ತರಿಯ ಹೊಟ್ಟೆಯಲ್ಲಿದ್ದದ್ದು ಏಳು ತಿಂಗಳಿಗೆ ಇಲ್ಲವಾದ ವರ್ಷ, ಗಂಡ ಎಲ್ಲೋ ಹೆದ್ದಾರಿಯ ಮೇಲಿದ್ದಾಗ, ಆಸ್ಪತ್ರೆಯ ಮಂಚದ ಪಕ್ಕ ಮೂರು ದಿನ ಕೂತು ಅವಳ ತಲೆ ಬಾಚಿದವರು ನರ್ಸಕ್ಕ. ಅಷ್ಟಾದ ಮೇಲೆ ಎರಡು ಹಿತ್ತಲಿನ ನಡುವಿನ ಗೋಡೆಯಲ್ಲಿ ಒಬ್ಬರು ದಾಟುವಷ್ಟು ಇಟ್ಟಿಗೆ ಕಿತ್ತು ದಾರಿ ಮಾಡಿಕೊಂಡರು. ಬೀದಿ ಸುತ್ತಿ ಬರುವುದು ಹೊರಗಿನವರಿಗೆ. ಇವರ ಓಡಾಟವೆಲ್ಲ ಆ ಕಿಂಡಿಯಲ್ಲೇ.

ಆ ದಿನ ಬೆಳಿಗ್ಗೆ ಆಕಾಶಕ್ಕೆ ಮೋಡ ಮುಚ್ಚಿಕೊಂಡಿತ್ತು. ಕತ್ತರಿಗೆ ಶಾಲೆಯ ಸಮವಸ್ತ್ರದ ಕೆಲಸ. ನಲವತ್ತು ಪ್ಯಾಂಟುಗಳ ಅಂಚು ಮಡಿಸಬೇಕಿತ್ತು. ಕೂರುವ ಮುಂಚೆ ಹಿತ್ತಲ ಬಾಗಿಲಿಗೆ ಬಂದಾಗ, ಗೋಡೆಯಾಚೆ ನರ್ಸಕ್ಕ ಹೊರಗೆ ಹೋಗುವಾಗ ಉಡುವ ಒಳ್ಳೆಯ ಬಟ್ಟೆ ಹಾಕಿಕೊಂಡು ನಿಂತಿರುವುದು ಕಂಡಿತು.

"ಏನಕ್ಕಾ, ಹೊತ್ತಾರೆಗೇ ಅಲಂಕಾರ?" ಎಂದು ಇವಳು ಕೂಗಿದಳು.

"ನೆಂಟರು ಬರ್ತಾರೆ ಕಣೆ."

"ಯಾವ ನೆಂಟರು? ನನಗೆ ಗೊತ್ತಿಲ್ಲದ ನೆಂಟರು ನಿಮಗೆಲ್ಲಿಂದ ಬಂದ್ರು?"

ನರ್ಸಕ್ಕ ನಗಲಿಲ್ಲ. ಇವಳ ಹಿತ್ತಲಿನ ನಲ್ಲಿಯ ಕಡೆ ಒಂದು ಸಲ ನೋಡಿದರು. "ಇವತ್ತು ಬಿಸಿಲು ಜಾಸ್ತಿ. ಅಜ್ಜಿನ ಒಳಗೇ ಕೂರಿಸು" ಎಂದು ಹೇಳಿ ಸರಸರನೆ ಒಳಗೆ ಹೋದರು.

ಕತ್ತರಿ ತಲೆಯೆತ್ತಿ ಮೋಡ ನೋಡಿದಳು. ಎಲ್ಲಿದೆ ಬಿಸಿಲು? ವಯಸ್ಸಾಯಿತು ಅಕ್ಕನಿಗೆ ಎಂದು ಮನಸ್ಸಿನಲ್ಲೇ ನಕ್ಕು ಮಿಷನ್ನಿಗೆ ಬಂದು ಕೂತಳು. ಅತ್ತೆ ಕೇಳಿದರು, "ಏನೇ, ಹೋಗಲಾ?" ಇವಳು ಕಿಟಕಿಯಿಂದ ಬೀದಿ ನೋಡಿದಳು. ಒಂದು, ಎರಡು, ಮೂರು, ಎಲ್ಲ ಗೇಟೂ ಬರಿದು. ಹದಿಮೂರನೇ ಗೇಟು ಒರೆಸಿ ಹೊಳೆಯುತ್ತಿತ್ತು.

"ಹೋಗಿ ಅತ್ತೆ, ಏನೂ ಇಲ್ಲ" ಎಂದಳು.

ಆ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಕೆನ್ನೆಗೆ ಹೊಡೆದುಕೊಂಡಳೋ. ಎರಡು ಪ್ಯಾಂಟು ಮುಗಿಯುವಷ್ಟರಲ್ಲಿ ಹಿತ್ತಲಲ್ಲಿ ನೀರಿನ ಡಬ್ಬ ಬಿದ್ದ ಸದ್ದಾಯಿತು. "ಲೇ, ಮುಳ್ಳು ಚುಚ್ಚಿತು ಕಣೇ" ಎಂದು ಅತ್ತೆ ಕೂಗಿದರು. ಕತ್ತರಿ ಓಡಿದಳು. ಬಾಗಿಲಲ್ಲೇ ನಿಂತಳು. ಅತ್ತೆ ನಲ್ಲಿಯ ಪಕ್ಕ ಒಂದು ಕಾಲೆತ್ತಿ ನಿಂತಿದ್ದಾರೆ. ಅವರಿಂದ ಮೂರು ಹೆಜ್ಜೆ ಆಚೆ, ಕಂದು ಬಣ್ಣದ್ದು, ಮಣಿಕಟ್ಟಿನಷ್ಟು ದಪ್ಪದ್ದು, ತಲೆಯೆತ್ತಿ ನಿಂತಿದೆ.

ಕೈಯಲ್ಲಿ ಕತ್ತರಿಯಿತ್ತು, ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ನರ್ಸಕ್ಕನ ಪಾಠ ಅಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂತಿತ್ತು.

"ಅತ್ತೆ, ಅಲುಗಾಡ್ಬೇಡಿ. ಕಾಲು ಕೆಳಗಿಡ್ಬೇಡಿ. ನಾನು ಹೇಳೋ ತನಕ ಉಸಿರೂ ಬಿಡ್ಬೇಡಿ."

"ಯಾಕೇ?"

"ಒಂದ್ಸಲನಾದ್ರೂ ಯಾಕೆ ಅನ್ನದೆ ಸೊಸೆ ಮಾತು ಕೇಳಿ ಅತ್ತೆ, ನಿಮ್ಮ ದಮ್ಮಯ್ಯ!"

ಅತ್ತೆ ಕೇಳಿದರು. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು. ಹಾವು ತಲೆ ತಗ್ಗಿಸಿತು, ಅತ್ತ ಇತ್ತ ನೋಡಿತು, ಗೋಡೆಯ ಪಕ್ಕದ ಹಳೆ ಸಾಮಾನಿನ ಕೋಣೆಗೆ ಹರಿದುಹೋಯಿತು. ಕತ್ತರಿ ಉದ್ದನೆಯ ಪೊರಕೆಯಿಂದ ದೂರ ನಿಂತೇ ಆ ಬಾಗಿಲನ್ನು ದೂಡಿ ಮುಚ್ಚಿದಳು. ಅತ್ತೆಯನ್ನು ತಬ್ಬಿ ಎತ್ತಿಕೊಂಡು ಜಗಲಿಯ ಮೇಲೆ ಮಲಗಿಸಿದಳು. ಪಾದದ ಮೇಲೆ ಎರಡು ಚುಕ್ಕೆ, ಒಂದು ಹನಿ ರಕ್ತ. ಆಂಬುಲೆನ್ಸಿಗೆ ಫೋನ್ ಮಾಡಿದಳು. ಗ್ಯಾರೇಜು ನಡೆಸುತ್ತಾ ಹಾವೂ ಹಿಡಿಯುವ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಆಮೇಲೆ ಗಂಟಲು ಹರಿಯುವಂತೆ "ನರ್ಸಕ್ಕಾ!" ಎಂದು ಕೂಗಿದಳು.

ನರ್ಸಕ್ಕ ಬಂದರು. ಮುಖ ಬಿಳಿಚಿಕೊಂಡಿತ್ತು. ಕಿಂಡಿಯಲ್ಲಿ ಬಾರದೆ ಬೀದಿ ಸುತ್ತಿ ಮುಂದಿನ ಗೇಟಿನಿಂದ ಬಂದರು. ಯಾಕೆ ಎಂದು ಕೇಳುವ ಹೊತ್ತು ಅದಲ್ಲ. ಬಂದವರೇ ಮಂಡಿಯೂರಿ ಕೂತರು, ಅತ್ತೆಯ ಕಾಲಿನ ಬೆಳ್ಳಿ ಕಡಗ ಬಿಚ್ಚಿದರು, ಗಂಟೆ ನೋಡಿಕೊಂಡರು. "ಅಳತೆ ಕೋಲು ಕೊಡು" ಎಂದರು. ಕತ್ತರಿಯ ಮರದ ಕೋಲನ್ನು ಕಾಲಿನುದ್ದಕ್ಕೂ ಇಟ್ಟು ಅಲುಗದಂತೆ ಬಟ್ಟೆಪಟ್ಟಿ ಸುತ್ತಿದರು. ಬಿಗಿ ಮಾಡಲಿಲ್ಲ. "ಅಜ್ಜಿ, ನಿದ್ದೆ ಬಂದ ಹಾಗಾಗುತ್ತಾ? ರೆಪ್ಪೆ ಭಾರ ಅನ್ಸುತ್ತಾ? ನನ್ನ ಜೊತೆ ಮಾತಾಡ್ತಾ ಇರಿ." ದೇವರೇ ಬಂದು ಪಕ್ಕದಲ್ಲಿ ಕೂತ ಹಾಗೆ ಅನ್ನಿಸಿತು ಕತ್ತರಿಗೆ.

"ಬಟ್ಟೆಪಟ್ಟಿ ಸಾಲದು. ನಮ್ಮನೆ ಅಡುಗೆಮನೆ ಕಪಾಟಲ್ಲಿ ಬ್ಯಾಂಡೇಜ್ ಡಬ್ಬಿ ಇದೆ, ಓಡು" ಎಂದರು ನರ್ಸಕ್ಕ.

ಕತ್ತರಿ ಅಭ್ಯಾಸದಂತೆ ಕಿಂಡಿಯಲ್ಲಿ ನುಗ್ಗಿ ಅವರ ಹಿಂಬಾಗಿಲು ತಳ್ಳಿದಳು. ತೆರೆಯಲಿಲ್ಲ. ಹಗಲು ಹೊತ್ತು ಎಂದೂ ಮುಚ್ಚದ ಬಾಗಿಲು ಅದು. ಭುಜ ಕೊಟ್ಟು ನೂಕಿದಳು. ಒಳಗೆ ಯಾವುದೋ ಒದ್ದೆ ವಸ್ತು ನೆಲಕ್ಕೆ ಉಜ್ಜಿಕೊಂಡು ಸರಿಯಿತು. ದೊಡ್ಡ ಟವೆಲ್. ನೀರಲ್ಲಿ ಅದ್ದಿ, ಹುರಿ ಮಾಡಿ, ಬಾಗಿಲ ಸಂದಿಯುದ್ದಕ್ಕೂ ಒತ್ತಿ ಇಟ್ಟಿದ್ದ ಟವೆಲ್. ಬಚ್ಚಲ ತೂತಿನ ಮೇಲೆ ಜಾಲರಿ, ಜಾಲರಿಯ ಮೇಲೆ ಅರೆಯುವ ಕಲ್ಲು. ಯಾವಾಗಲೂ ಹಿತ್ತಲಲ್ಲಿ ಮಲಗುವ ನಾಯಿ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕಿಸಿಕೊಂಡು ಕುಂಯ್ಗುಡುತ್ತಿತ್ತು.

ಅವಳು ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಒಂದೂ ಬಿಡದೆ ಎಲ್ಲ ಮಾಡಿದ್ದರು ನರ್ಸಕ್ಕ, ತಾವೇ ಕಲಿಸಿದ ಪ್ರಕಾರ, ತಮ್ಮ ಮನೆಗೆ. ಗೇಟಿನದ್ದೊಂದು ಬಿಟ್ಟು.

ಹಜಾರದಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ಅವಳ ತೊಡೆಯ ಮೇಲೊಂದು ಮಗು ಟೀ ಬಟ್ಟಲುಗಳ ಮುಂದೆ ಕೂತಿದ್ದರು. ನರ್ಸಕ್ಕನ ಗಂಡ ಎದ್ದು ಬಂದರು. ಪಾಪದ ಮನುಷ್ಯ, ಸುಳ್ಳು ಹೇಳಲು ಬಾರದವರು.

"ಯಾವಾಗ ನೋಡಿದ್ರಿ ಭಾವ?" ಎಂದು ಕತ್ತರಿ ಮೆಲ್ಲಗೆ ಕೇಳಿದಳು.

"ಎಂಟೂವರೆಗೆ" ಎಂದರು ಅವರು ದನಿ ತಗ್ಗಿಸಿ, ನೆಲ ನೋಡುತ್ತಾ. "ಸೌದೆ ರಾಶಿಯಿಂದ ಕಿಂಡಿ ದಾಟ್ತು. ಬಟ್ಟೆ ಕಟ್ಟೋಣ ಅಂದೆ ನಾನು. ಮನೆ ನೋಡೋಕೆ ಬರ್ತಾರೆ, ಅವರು ಹೋದ ಮೇಲೆ ಕಟ್ಟೋಣ ಅಂದಳು."

ಮನೆ ನೋಡೋಕೆ! ನೆಂಟರಲ್ಲ, ಕೊಳ್ಳುವವರು. ನರ್ಸಕ್ಕ ಮನೆ ಮಾರಿ ಹೋಗುತ್ತಿದ್ದಾರೆ ಎನ್ನುವುದೂ ಕತ್ತರಿಗೆ ಗೊತ್ತಾದದ್ದು ಆಗಲೇ. ಒಂದೇ ಏಟಿಗೆ ಎರಡು. ಅಳುವುದಕ್ಕೂ ಪುರಸೊತ್ತಿರಲಿಲ್ಲ, ಡಬ್ಬಿ ಹಿಡಿದು ಓಡಿದಳು. ಆ ಡಬ್ಬಿಯನ್ನು ಅದೇ ಕೈಗೆ ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಅತ್ತೆಯ ಪ್ರಾಣ ಆ ಕೈಯಲ್ಲಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ, ಔಷಧಿ ಹನಿ ಹನಿಯಾಗಿ ಅತ್ತೆಯ ಮೈಸೇರುತ್ತಿರುವಾಗ, ನರ್ಸಕ್ಕ ತಾವಾಗಿಯೇ ಬಾಯಿಬಿಟ್ಟರು. ಗಂಡನ ಹೃದಯ ಸರಿಯಿಲ್ಲ, ಆಸ್ಪತ್ರೆಯ ಹತ್ತಿರ ಲಿಫ್ಟ್ ಇರುವ ಮನೆ ಬೇಕು. ಇದಕ್ಕೆ ಮೊದಲು ಎರಡು ಸಲ ಬಂದವರು ಯಾರದೋ ಗೇಟಿನಲ್ಲಿ ಕೆಂಪು ಬಟ್ಟೆ ನೋಡಿ, ಏನಿದು ಎಂದು ಕೇಳಿ, ಕಾರಿನಿಂದ ಇಳಿಯದೆ ವಾಪಸು ಹೋಗಿದ್ದರು.

"ಒಂದೇ ಒಂದು ಗಂಟೆ ಅಂದ್ಕೊಂಡೆ ಕಣೆ. ಅದು ಬೇಲಿ ದಾಟಿ ಹೋಗುತ್ತೆ ಅಂದ್ಕೊಂಡೆ."

"ನನಗೆ ಹೇಳೋಕೇನಾಗಿತ್ತಕ್ಕಾ? ಗೇಟಿಗೆ ಕಟ್ಬೇಡಿ, ಹಾಳಾಗ್ಹೋಗ್ಲಿ. ಗೋಡೆ ಹತ್ರ ನಿಂತಿದ್ರಲ್ಲ, ಹಾವು ಅಂತ ಎರಡಕ್ಷರ ಬಾಯಲ್ಲಿ ಬರಲಿಲ್ವಾ?"

"ಹೇಳಿದ್ರೆ ನೀನು ನಿನ್ನ ಗೇಟಿಗೆ ಕಟ್ತಿದ್ದೆ."

ಅದು ನಿಜ. ಕಟ್ಟುತ್ತಿದ್ದಳು.

"ಹೇಳಿದ್ದೆನಲ್ಲ, ಅಜ್ಜಿನ ಒಳಗೇ ಕೂರಿಸು ಅಂತ" ಎಂದರು ನರ್ಸಕ್ಕ.

ಕತ್ತರಿ ಅವರ ಮುಖವನ್ನೇ ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಆ ಜಾಣತನ. ನಾಳೆ ಏನಾದರೂ ಆದರೆ ಹೇಳಿಕೊಳ್ಳಲು ಒಂದು ಮಾತು ಮೊದಲೇ ಎತ್ತಿಟ್ಟುಕೊಂಡಿದ್ದರು. ಬೇರೆ ಯಾರಾದರೂ ಆಗಿದ್ದರೆ ನಾಲಿಗೆಯಿಂದಲೇ ಉದ್ದುದ್ದಕ್ಕೆ ಸೀಳಿ ಹಾಕುತ್ತಿದ್ದಳು.

"ಹೊಟ್ಟೆಗೆ ಹಾಕ್ಕೋ. ಬೀದಿಯವರಿಗೆ ಗೊತ್ತಾಗೋದು ಬೇಡ" ಎಂದು ನರ್ಸಕ್ಕ ಅವಳ ಕೈ ಹಿಡಿದುಕೊಂಡರು. ಇವಳು ಕೈ ಬಿಡಿಸಿಕೊಂಡಳು. ಎದ್ದು ಅತ್ತೆಯ ಮಂಚದ ಹತ್ತಿರ ಹೋದಳು.

ಅತ್ತೆ ಉಳಿದರು. ಆರು ದಿನಕ್ಕೆ ಮನೆಗೆ ಬಂದರು. ಪಾದ ಊದಿಕೊಂಡು ಕಪ್ಪಾಗಿತ್ತು. ಡಾಕ್ಟರು, ಕಾಲು ಅಲುಗಾಡಿಸದೆ ಇಷ್ಟು ಬೇಗ ತಂದದ್ದಕ್ಕೆ ಬದುಕಿದರು ಎಂದಿದ್ದರು. ಅದು ಬೀದಿಯ ಬಾಯಿಗೆ ಬಿತ್ತು. ಎಲ್ಲರೂ ನರ್ಸಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಕೋಣೆಯಿಂದ ಹಾವು ಹಿಡಿದು ಕಾಡಿಗೆ ಬಿಟ್ಟು ಬಂದ ಮೆಕ್ಯಾನಿಕ್ ಕೂಡ "ಇಂಥ ನೆರೆಮನೆ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದು ಕೈಯೊರೆಸಿಕೊಂಡು ಹೇಳಿದ.

ಅತ್ತೆಯದಂತೂ ಮಂಚದ ಮೇಲಿನಿಂದ ದಿನವೂ ಅದೇ ಜಪ. "ಅವಳು ಓಡಿ ಬರದೇ ಹೋಗಿದ್ರೆ ನಾನು ಅವತ್ತೇ ಟಿಕೆಟ್ ತಗೊಂಡಿರ್ತಿದ್ದೆ. ನೀನು ಅವಳ ಕಾಲು ತೊಳೆದು ನೀರು ಕುಡೀಬೇಕು ಕಣೇ."

"ಕುಡೀತೀನಿ ಅತ್ತೆ, ಮೊದಲು ನೀವು ಈ ಮಾತ್ರೆ ಕುಡೀರಿ" ಎನ್ನುತ್ತಿದ್ದಳು ಕತ್ತರಿ.

ಹೇಳುವುದು ಹೇಗೆ? ಸಾವಿನ ಬಾಯಿಂದ ಬಂದ ಮುದುಕಿಗೆ ಒಂದು ನಂಬಿಕೆ ಸಿಕ್ಕಿದೆ. ಅದನ್ನು ಕಿತ್ತುಕೊಂಡು ತಾನು ಯಾವ ಸುಖ ಪಡಬೇಕು? ಗಂಡ ಫೋನಿನಲ್ಲಿ ಕೇಳಿದಾಗಲೂ "ಎಲ್ಲಿಂದಲೋ ಬಂತು" ಎಂದಳು. ಮಾತು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು, ನುಂಗಲಾರಳು, ಉಗುಳಲಾರಳು. ಜನಕ್ಕೆ ಬುದ್ಧಿ ಹೇಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಪ್ಯಾಂಟಿನ ಅಂಚಿಗೆ ಹೇಳಿಕೊಳ್ಳುತ್ತಾ ಸೂಜಿ ಚುಚ್ಚುತ್ತಿದ್ದಳು.

ಹಾವು ಕಚ್ಚಿದ ಹನ್ನೊಂದನೇ ದಿನ ಮಧ್ಯಾಹ್ನ ಆ ಗಂಡ ಹೆಂಡತಿ ಮತ್ತೆ ಬಂದರು. ನರ್ಸಕ್ಕನ ಮನೆಯೊಳಗೆ ಮಾತು ಮುಗಿಸಿ, ಹೋಗುವ ಮುನ್ನ ಆ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕತ್ತರಿಯ ಗೇಟಿಗೆ ಬಂದಳು. ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ, ಬರಿಗಾಲು.

"ಅಕ್ಕಾ, ಅಜ್ಜಿ ಹೇಗಿದ್ದಾರೆ? ಅವತ್ತು ನಾವು ಇಲ್ಲೇ ಇದ್ವಿ. ತುಂಬಾ ಭಯ ಆಯ್ತು. ಪಕ್ಕದ ಮನೆಗೆ ನಾವೇ ಬರೋದು ಅಂತ ಆಗಿದೆ. ಅದಕ್ಕೇ ಒಂದು ಮಾತು ಕೇಳಿ ಹೋಗೋಣ ಅಂತ. ಬೇಜಾರು ಮಾಡ್ಕೋಬಾರದು."

"ಕೇಳಮ್ಮ."

"ನೀವು ಹೊಲಿಗೆ ಚೂರುಗಳನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕ್ತೀರಂತಲ್ಲ. ಅದರಲ್ಲಿ ಇಲಿ ಸೇರಿ, ಇಲಿಗೋಸ್ಕರ ಹಾವು ನಿಮ್ಮನೆಗೆ ಬರುತ್ತಂತೆ. ನಿಮ್ಮನೆಗೆ ಮಾತ್ರ. ಅವರ ಹಿತ್ತಲಿಗೆ ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ ಅಂದ್ರು ನರ್ಸಮ್ಮ. ಮಗು ಓಡಾಡುತ್ತಲ್ಲ ಅಕ್ಕಾ, ಅದನ್ನೊಂಚೂರು ಬೇರೆ ಕಡೆ ಹಾಕೋಕಾಗುತ್ತಾ?"

ಚೂರು ಬಟ್ಟೆಯನ್ನು ಕತ್ತರಿ ಒಂದು ದಿನವೂ ಹಿತ್ತಲಿಗೆ ಹಾಕಿದವಳಲ್ಲ. ಚೀಲಕ್ಕೆ ತುಂಬಿ ದಿಂಬು ಮಾಡುವವರಿಗೆ ಕೊಡುತ್ತಿದ್ದಳು, ಅದು ನರ್ಸಕ್ಕನಿಗೂ ಗೊತ್ತು, ಅವರ ಮನೆಯ ದಿಂಬಿನಲ್ಲೂ ಅದೇ ಇತ್ತು. ಬಟ್ಟೆ ಕಟ್ಟದ್ದು ಹೆದರಿಕೆಯಿಂದ ಎಂದು ಇಷ್ಟು ದಿನ ಎಲ್ಲೋ ಒಂದು ಮೂಲೆಯಲ್ಲಿ ಅವಳು ಕ್ಷಮಿಸಲು ನೋಡುತ್ತಿದ್ದಳು. ಇದು ಹೆದರಿಕೆಯಲ್ಲ, ಯೋಚನೆ ಮಾಡಿ ಆಡಿದ ಮಾತು. ಕಣ್ಣು ತುಂಬಿ ಬಂತು, ಅಷ್ಟೇ ಸಿಟ್ಟೂ ಬಂತು. ಆದರೆ ಎದುರಿಗೆ ಆ ಮಗು ಕಾಲು ಕುಣಿಸುತ್ತಿತ್ತು.

"ನೋಡಮ್ಮ" ಎಂದಳು. "ಈ ಬೀದಿಲಿ ಹಾವು ಎಲ್ಲರ ಮನೆಗೂ ಬರುತ್ತೆ. ಅವರ ಸೌದೆ ರಾಶಿಯಿಂದಲೇ ಅವತ್ತು ನಮ್ಮನೆಗೆ ಬಂದಿದ್ದು. ಎಂಟೂವರೆಗೆ ಅವರು ನೋಡಿದ್ದಾರೆ. ನೀವು ಒಳಗೆ ಟೀ ಕುಡೀತಾ ಇದ್ರಲ್ಲ, ಆ ಹೊತ್ತಲ್ಲಿ ಅವರ ಹಿಂಬಾಗಿಲಿಗೆ ಟವೆಲ್ ಇಟ್ಟಿತ್ತು, ನಾಯಿ ಒಳಗೆ ಕಟ್ಟಿತ್ತು. ಮನೆ ತಗೊಳ್ಳಿ, ಬಿಡಿ, ಅದು ನಿಮ್ಮಿಷ್ಟ. ಹಾವಿದ್ದ ಕಡೆ ಜನ ಬದುಕೋಲ್ವಾ? ಬದುಕ್ತಾರೆ. ಆದ್ರೆ ಮಗೂನ ಬರಿಗಾಲಲ್ಲಿ ಬಿಡ್ಬೇಡಿ, ಸೌದೆ ತೆಗೆಸಿ, ಹುಲ್ಲು ಕತ್ತರಿಸಿ ಇಡಿ, ನೋಡದೆ ಎಲ್ಲೂ ಕೈ ಹಾಕ್ಬೇಡಿ. ಯಾರೋ ಹೇಳ್ತಾರೆ ಅಂತ ಮಾತ್ರ ನಂಬ್ಕೊಂಡು ಕೂರ್ಬೇಡಿ."

ಆ ಹೆಂಗಸು ಮಗುವನ್ನು ಎದೆಗೊತ್ತಿಕೊಂಡಳು. ಗಂಡನನ್ನು ಕರೆದುಕೊಂಡು ಕಾರು ಹತ್ತಿದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನರ್ಸಕ್ಕ ತಮ್ಮ ಗೇಟಿನಲ್ಲಿ ನಿಂತಿದ್ದರು. ಎಲ್ಲ ಕೇಳಿಸಿತ್ತು ಅವರಿಗೆ.

ಅವರು ನಿಧಾನವಾಗಿ ಕತ್ತರಿಯ ಗೇಟಿನವರೆಗೆ ಬಂದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಿನ್ನನ್ನ ಒಡಹುಟ್ಟಿದವಳ ಹಾಗೆ ನೋಡ್ಕೊಂಡೆ. ಇಷ್ಟು ವರ್ಷ ಒಂದೇ ಮನೆ ಅಂದ್ಕೊಂಡು ಬದುಕಿದೆ. ನೀನು ನನಗೆ ಹೀಗೆ ಮಾಡ್ತೀಯ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಕಣೆ" ಎಂದರು.

ಹನ್ನೊಂದು ದಿನದಿಂದ ಕತ್ತರಿ ಗಂಟಲಲ್ಲಿ ಇಟ್ಟುಕೊಂಡು ಓಡಾಡಿದ ಮಾತು ಅದೇ, ಅಕ್ಷರ ಅಕ್ಷರವೂ ಅದೇ. ಒಂದು ದಿನ ಗೋಡೆಯ ಹತ್ತಿರ ನಿಂತು ಕೇಳಬೇಕು, ಕೇಳಿ ಅತ್ತುಬಿಡಬೇಕು ಎಂದುಕೊಂಡಿದ್ದಳು. ಈಗ ಅದನ್ನೂ ಅವರೇ ಆಡಿಬಿಟ್ಟಿದ್ದರು.

ಒಳಗಿನಿಂದ ಅತ್ತೆ ಮಂಚದ ಮೇಲೆ ಎದ್ದು ಕೂತ ಸದ್ದು ಕೇಳಿಸಿತು. "ಯಾರೇ ಅದು ಗೇಟಲ್ಲಿ? ನರ್ಸಕ್ಕನ ದನಿ ಕೇಳಿದ ಹಾಗಾಯ್ತು. ಹೊರಗೇ ಯಾಕೆ ನಿಲ್ಲಿಸ್ಕೊಂಡಿದ್ದೀಯ, ಒಳಗೆ ಕರಿ!"

ಕತ್ತರಿ ನರ್ಸಕ್ಕನ ಮುಖವನ್ನೇ ನೋಡುತ್ತಾ ಹೇಳಿದಳು:

"ಯಾರೂ ಇಲ್ಲ ಅತ್ತೆ."